ಹತ್ತಾರು ಸಾವಿರ ಒರಾಂಗುಟಾನ್‌ಗಳಿದ್ದರೂ ಅಳಿವಿನ ಅಂಚು ಎನ್ನುವುದೇಕೆ?

ಪ್ರಶ್ನೆ: ಬೋರ್ನಿಯೊ ದ್ವೀಪದಲ್ಲಿ ಇನ್ನೂ ಹತ್ತಾರು ಸಾವಿರ ಒರಾಂಗುಟಾನ್‌ಗಳಿವೆ ಎಂದು ಓದಿದ್ದೇನೆ. ನಮ್ಮ ಕಡೆಯ ಮುಸ್ಯಾಗಳಂತೆ (ಕರಿಮೋರೆಯ ಕೋತಿಗಳಂತೆ) ಅವೂ ಮರಿ ಹಾಕಿ ಹೆಚ್ಚುವುದಿಲ್ಲವೇ? (ಸೇಡಂನ ಓದುಗರೊಬ್ಬರು)

ಉತ್ತರ: ನೀವು ಕೊಟ್ಟ ಹೋಲಿಕೆಯಲ್ಲೇ ಉತ್ತರವಿದೆ. ಕಲಬುರಗಿಯಲ್ಲಿ ಮಾಳಿಗೆಯ ಮೇಲೆ ಮರಿಯನ್ನು ಹೊಟ್ಟೆಗವುಚಿಕೊಂಡು ಕೂರುವ ಹೆಣ್ಣು ಮುಸ್ಯಾ ಎರಡು ವರ್ಷದ ಆಸುಪಾಸಿನಲ್ಲಿ ಇನ್ನೊಂದು ಮರಿ ಹಾಕುತ್ತದೆ. ಒರಾಂಗುಟಾನ್ ಹೆಣ್ಣು ಚೊಚ್ಚಲ ಮರಿ ಹಾಕುವುದೇ ಸುಮಾರು 15ನೆಯ ವಯಸ್ಸಿನಲ್ಲಿ, ಆಮೇಲೆ ಎರಡು ಮರಿಗಳ ನಡುವೆ ಸಾಮಾನ್ಯವಾಗಿ 7ರಿಂದ 9 ವರ್ಷಗಳ ಅಂತರವಿರುತ್ತದೆ. ಹೀಗಾಗಿ ಒಂದು ತಾಯಿ ತನ್ನ ಜೀವಮಾನದಲ್ಲಿ ಬೆಳೆಸುವ ಮರಿಗಳನ್ನು ಒಂದೇ ಕೈಯ ಬೆರಳುಗಳಲ್ಲಿ ಎಣಿಸಬಹುದು.

ಈ ನಿಧಾನಕ್ಕೆ ಕಾರಣ ಆ ಕಾಡುಗಳ ಸ್ವಭಾವ. ಅಲ್ಲಿ ಕೆಲವು ವರ್ಷ ಬಹಳಷ್ಟು ಮರಗಳು ಒಟ್ಟಿಗೆ ಹಣ್ಣು ಬಿಡುತ್ತವೆ, ಉಳಿದ ಕಾಲದಲ್ಲಿ ಹಣ್ಣು ವಿರಳವಾಗಿ ಎಲೆ, ತೊಗಟೆಗಳನ್ನೇ ಹೆಚ್ಚಾಗಿ ನೆಚ್ಚಬೇಕು. ಯಾವ ಮರ ಯಾವಾಗ ಫಲ ಬಿಡುತ್ತದೆ, ರಾತ್ರಿ ಮಲಗಲು ಕೊಂಬೆ ಬಾಗಿಸಿ ಗೂಡು ಕಟ್ಟುವುದು ಹೇಗೆ ಎಂಬುದನ್ನೆಲ್ಲ ಮರಿ ತಾಯಿಯ ಜೊತೆಗಿದ್ದು, ನೋಡಿ ನೋಡಿ ಕಲಿಯಬೇಕು. 2017ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದನ್ನು ಹಲ್ಲಿನಲ್ಲೇ ತೋರಿಸಿತು. ಹಾಲಿನಿಂದ ಬರುವ ಬೇರಿಯಂ ಎಂಬ ಧಾತುವಿನ ಅಂಶ ಬೆಳೆಯುವ ಹಲ್ಲಿನಲ್ಲಿ ಪದರ ಪದರವಾಗಿ ಉಳಿಯುತ್ತದೆ. ಆ ಪದರಗಳನ್ನು ಓದಿದಾಗ, ಮರಿಗಳು 8 ವರ್ಷ ದಾಟಿದ ಮೇಲೂ ತಾಯಿಹಾಲು ಕುಡಿಯುವುದು, ಹಣ್ಣು ಕಡಿಮೆಯಾದಾಗ ಮತ್ತೆ ಹಾಲನ್ನೇ ನೆಚ್ಚಿಕೊಳ್ಳುವುದು ತಿಳಿದುಬಂತು. ಎಂಟು ವರ್ಷದ ಮಗುವಿಗೂ ಹಾಲೂಡುತ್ತ ಆ ಬರದ ಕಾಡಿನಲ್ಲಿ ತಿರುಗುವ ತಾಯಿಯ ತಾಳ್ಮೆ ನನಗೆ ಇಂದಿಗೂ ಸೋಜಿಗವೇ.

ಆದ್ದರಿಂದ ಇಂದು ಎಷ್ಟು ಉಳಿದಿವೆ ಎಂಬ ಲೆಕ್ಕಕ್ಕಿಂತ ತಾಯಂದಿರು ಎಷ್ಟು ವೇಗವಾಗಿ ಸಾಯುತ್ತಿದ್ದಾರೆ ಎಂಬ ಲೆಕ್ಕ ಮುಖ್ಯ. ವರ್ಷಕ್ಕೆ ನೂರರಲ್ಲಿ ಒಂದರಷ್ಟು ಪ್ರೌಢ ಹೆಣ್ಣುಗಳು ಹೆಚ್ಚುವರಿಯಾಗಿ ಬೇಟೆಗೆ ಬಲಿಯಾದರೂ ಸಾಕು, ಸಂತತಿ ಇಳಿಮುಖವಾಗುತ್ತದೆ. 1999ರಿಂದ 2015ರ ನಡುವೆ ಬೋರ್ನಿಯೊದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಒರಾಂಗುಟಾನ್‌ಗಳು ಇಲ್ಲವಾದವು ಎಂದು ಸಂಶೋಧಕರು ಅಂದಾಜಿಸಿದ್ದಾರೆ. ಪಾಮ್ ಎಣ್ಣೆ ಕೊಡುವ ತಾಳೆಯ ತೋಟಕ್ಕಾಗಿ ಕಾಡು ಕಡಿದಲ್ಲಿ ನಷ್ಟ ತೀವ್ರವಾಗಿತ್ತು. ಆದರೆ ಕಾಡು ಉಳಿದ ಕಡೆಯೂ ಅವು ಬಹಳಷ್ಟು ಸತ್ತದ್ದರ ಹಿಂದೆ ಬೇಟೆಯಿತ್ತು. ಮರಿಯನ್ನು ಸಾಕಲು ಹಿಡಿಯುವವರು ಮೊದಲು ತಾಯಿಯನ್ನು ಕೊಲ್ಲುತ್ತಾರೆ. ಮಲೇಷ್ಯಾದ ಸೆಪಿಲೋಕ್‌ನಲ್ಲಿ 1964ರಿಂದ ಇಂತಹ ತಬ್ಬಲಿ ಮರಿಗಳನ್ನು ಸಾಕಿ ಕಾಡಿಗೆ ಮರಳಿಸುವ ಕೆಲಸ ನಡೆದಿದೆ. ಅದು ಗೌರವಕ್ಕೆ ಅರ್ಹವಾದ ಕೆಲಸ. ಆದರೂ ಕಾಡಿನಲ್ಲಿ ಬದುಕಿರುವ ತಾಯಿಯನ್ನು ಉಳಿಸುವುದು ಅದಕ್ಕಿಂತ ದೊಡ್ಡದು ಎಂದೇ ನಾನು ನಂಬುತ್ತೇನೆ.

ನಮ್ಮ ಕಿರಾಣಿ ಅಂಗಡಿಯ ಪಾಮ್ ಎಣ್ಣೆಯೂ ಹೆಚ್ಚಾಗಿ ಇಂಡೋನೇಷ್ಯಾ, ಮಲೇಷ್ಯಾಗಳಿಂದಲೇ ಬರುತ್ತದೆ. ಅದೇ ಇಂಡೋನೇಷ್ಯಾದ ಸುಮಾತ್ರಾದಲ್ಲಿ, 2017ರಲ್ಲಿ ಬೇರೆ ಪ್ರಭೇದವೆಂದು ಗುರುತಿಸಲಾದ ತಪಾನುಲಿ ಒರಾಂಗುಟಾನ್‌ಗಳು 800ಕ್ಕೂ ಕಡಿಮೆ ಉಳಿದಿವೆ. ಬಾತಾಂಗ್ ತೋರು ಎಂಬ ಅವುಗಳ ಗುಡ್ಡಗಾಡು ಈಗಾಗಲೇ ಮೂರು ತುಂಡಾಗಿದೆ. ಆ ತುಂಡುಗಳನ್ನು ಕಾಡಿನ ಪಟ್ಟಿಗಳಿಂದ ಮತ್ತೆ ಜೋಡಿಸುವುದೇ ಅಲ್ಲಿ ಆಗಬೇಕಾದ ಮೊದಲ ಕೆಲಸ.