ಕೈಗಾದ ಬಿಸಿನೀರು, ಕದ್ರಾದ ಮೀನು: ಮತ್ತೆ ಅದೇ ಪ್ರಶ್ನೆ

ಪ್ರಶ್ನೆ: ಕೈಗಾ ಅಣುಸ್ಥಾವರದ ಬಿಸಿನೀರನ್ನು ಕದ್ರಾ ಜಲಾಶಯಕ್ಕೆ ಬಿಡ್ತಾರಂತೆ. ಅದರಲ್ಲಿ ರೇಡಿಯೇಷನ್ ಇರುತ್ತಲ್ವಾ? ಮೀನಿಗೆ ತೊಂದರೆ ಆಗೋದು ಅದರಿಂದಲೇ ಅಲ್ವಾ?

ಉತ್ತರ: ಈ ಪ್ರಶ್ನೆ ಬಾರದ ತಿಂಗಳೇ ಇಲ್ಲ. ಈ ಸಲ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ. ಮುಂದೆ ಯಾರಾದರೂ ಕೇಳಿದರೆ ಇದನ್ನೇ ತೋರಿಸಿಬಿಡಿ.

ಕೈಗಾದಲ್ಲಿ ಇರುವುದು ಒಂದು ನೀರಲ್ಲ, ಮೂರು. ಮೊದಲನೆಯದು ರಿಯಾಕ್ಟರಿನೊಳಗೆ ಸುತ್ತುವ ಭಾರಜಲ, ಅಂದರೆ ತೂಕದ ಹೈಡ್ರೋಜನ್ ಇರುವ ನೀರು. ಅದು ಸ್ಟೀಮ್ ಜನರೇಟರಿನ ಕೊಳವೆಗಳ ಮೂಲಕ ತನ್ನ ಶಾಖವನ್ನು ಎರಡನೇ ನೀರಿಗೆ ದಾಟಿಸುತ್ತದೆ. ಈ ಎರಡನೆಯದು ಹಬೆಯಾಗಿ ಟರ್ಬೈನ್ ತಿರುಗಿಸುತ್ತದೆ. ಕೆಲಸ ಮುಗಿದ ಹಬೆಯನ್ನು ಮತ್ತೆ ನೀರು ಮಾಡಬೇಕಲ್ಲ, ಅದಕ್ಕೆ ಕಂಡೆನ್ಸರ್. ಅದರ ಸಾವಿರಾರು ಸಣ್ಣ ಕೊಳವೆಗಳಲ್ಲಿ ಹರಿಯುವುದೇ ಮೂರನೆಯ ನೀರು, ಅಂದರೆ ಕದ್ರಾದ್ದು. ಹಬೆ ಕೊಳವೆಯ ಹೊರಗೆ, ಕದ್ರಾದ ನೀರು ಒಳಗೆ. ಶಾಖ ಮಾತ್ರ ದಾಟುತ್ತದೆ.

"ಹಾಗಾದ್ರೆ ಒಂಚೂರೂ ರೇಡಿಯೇಷನ್ ಇಲ್ವಾ?" ಇದೆ. ಸ್ಥಾವರದ ಕಡಿಮೆ ಮಟ್ಟದ ದ್ರವತ್ಯಾಜ್ಯವನ್ನು ಅಳೆದು, ಇದೇ ನೀರಿನಲ್ಲಿ ತೆಳುವಾಗಿಸಿ, ಪರಮಾಣು ಶಕ್ತಿ ನಿಯಂತ್ರಣ ಮಂಡಳಿ ಹಾಕಿದ ಮಿತಿಯೊಳಗೆ ಬಿಡುತ್ತಾರೆ. ಆ ಲೆಕ್ಕವನ್ನು ಕೇಳುವ ಹಕ್ಕು ನಿಮಗೆ ಖಂಡಿತ ಇದೆ. ಆದರೆ ನೀರು ಬಿಸಿಯಾಗುವುದು ಅದರಿಂದಲ್ಲ. 2009ರ ನವೆಂಬರಿನಲ್ಲಿ ಟ್ರೀಷಿಯಂ (ರೇಡಿಯೇಷನ್ ಸೂಸುವ ಹೈಡ್ರೋಜನ್) ಬೆರೆತ ನೀರು ಕುಡಿದು ನೌಕರರು ಆಸ್ಪತ್ರೆ ಸೇರಿದ ಪ್ರಕರಣವನ್ನೂ ಕೆಲವರು ಎತ್ತುತ್ತಾರೆ. ಅದು ಸ್ಥಾವರದೊಳಗಿದ್ದ ಕುಡಿಯುವ ನೀರಿನ ಕೂಲರಿನ ಕತೆ. ಜಲಾಶಯಕ್ಕೂ ಅದಕ್ಕೂ ಗಂಟು ಹಾಕಬೇಡಿ.

ಇನ್ನೂ ಅನುಮಾನವೇ? ಉತ್ತರಪ್ರದೇಶದ ಸಿಂಗ್ರೌಲಿ ಸ್ಥಾವರ ನೋಡಿ. ಅಲ್ಲಿ ಉರಿಯುವುದು ಕಲ್ಲಿದ್ದಲು. ತಣ್ಣಗಾಗಲು ಬಳಸುವುದು ರಿಹಂದ್ ಜಲಾಶಯದ ನೀರು. ಅಲ್ಲೂ ಹೊರಬರುವುದು ಬಿಸಿನೀರೇ. ಅಣುಸ್ಥಾವರದ ಮೇಲೆ ದೂರು ಹೇಳಲೇಬೇಕಿದ್ದರೆ ಸರಿಯಾದ ದೂರು ಬೇರೆಯೇ ಇದೆ. ಕಲ್ಲಿದ್ದಲಿನ ಶಾಖ ಒಂದಿಷ್ಟು ಚಿಮಣಿಯಲ್ಲಿ ಹೋಗುತ್ತದೆ. ಇಲ್ಲಿ ಚಿಮಣಿ ದಾರಿ ಇಲ್ಲ. ಕೈಗಾದ 220 ಮೆಗಾವಾಟಿನ ನಾಲ್ಕೂ ಘಟಕಗಳಲ್ಲಿ ಒಂದು ಪಾಲು ಕರೆಂಟಿಗೆ ಎರಡು ಪಾಲಿಗಿಂತ ಜಾಸ್ತಿ ಶಾಖ ನೀರಿಗೇ ಹೋಗುತ್ತದೆ.

ಆ ಶಾಖ ಮೀನಿಗೆ ಏನು ಮಾಡುತ್ತದೆ? 25 ಡಿಗ್ರಿಯ ನೀರು ಲೀಟರಿಗೆ ಸುಮಾರು 8.3 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಳ್ಳಬಲ್ಲದು. 35 ಡಿಗ್ರಿಯಲ್ಲಿ ಅದು 7ರ ಆಸುಪಾಸಿಗೆ ಇಳಿಯುತ್ತದೆ. ಅದೇ ಹತ್ತು ಡಿಗ್ರಿಗೆ ಮೀನಿನ ಉಸಿರಿನ ಅಗತ್ಯ ಹೆಚ್ಚುಕಮ್ಮಿ ಎರಡು ಪಟ್ಟು. ಆದಾಯ ಇಳಿದ ತಿಂಗಳೇ ಖರ್ಚು ಏರಿದ ಹಾಗೆ. ಡಿಸೆಂಬರಿನಲ್ಲಿ ಐದು ಡಿಗ್ರಿ ಏರಿದರೆ ನಮ್ಮ ಮೀನು ಲೆಕ್ಕಕ್ಕೇ ಇಡದು. ಮೇ ತಿಂಗಳಲ್ಲಿ ಅದೇ ಐದು ಡಿಗ್ರಿ ಕುತ್ತಿಗೆಗೆ ಬರುತ್ತದೆ. ಹಾಗಂತ ಇಡೀ ಜಲಾಶಯ ಕಾಯುವುದಿಲ್ಲ. ಬಿಸಿನೀರು ಹಗುರ, ಮೇಲೆ ತೇಲುತ್ತದೆ. ಕೆಳಗೆ ಉಸಿರಾಡುವಷ್ಟು ಆಮ್ಲಜನಕ ಇದ್ದರೆ ದೊಡ್ಡ ಮೀನು ಆಳಕ್ಕೆ ಇಳಿದು ಬಚಾವಾಗುತ್ತದೆ.

ಮರಿಗಳಿಗೆ ಆ ಅನುಕೂಲ ಇಲ್ಲ. ಇಂಥ ಸ್ಥಾವರಗಳಲ್ಲಿ ನೀರು ಒಳಗೆಳೆಯುವ ಬಾಯಿಗೆ ಜಾಲರಿ ಇರುತ್ತದೆ. ಬೆರಳುದ್ದದ ಮರಿ ಸೆಳೆತಕ್ಕೆ ಸಿಕ್ಕಿ ಅದಕ್ಕೆ ಅಂಟಿಕೊಂಡರೆ, ಕಿವಿರಿನ ಮುಚ್ಚಳ ತೆರೆಯಲಾಗದೆ ಉಸಿರುಗಟ್ಟುತ್ತದೆ. ಮೊಟ್ಟೆ, ಈಗಷ್ಟೇ ಒಡೆದ ಮರಿ ಜಾಲರಿಯನ್ನು ದಾಟಿ ಪಂಪು, ಕಂಡೆನ್ಸರ್ ಎಲ್ಲ ಸುತ್ತಿ ಬರಬೇಕು. ಕೊಳವೆಯಲ್ಲಿ ಪಾಚಿ ಕಟ್ಟದಿರಲಿ ಎಂದು ಕ್ಲೋರಿನ್ ಬೇರೆ ಹಾಕುತ್ತಾರೆ. ಬಿಸಿನೀರು ಬಿಡುವ ಕಾಲುವೆಯ ಫೋಟೋ ಕಳಿಸುವವರು ಬಹಳ. ಒಳಗೆಳೆಯುವ ಬಾಯಿಯ ಫೋಟೋ ಒಬ್ಬರೂ ಕಳಿಸಿಲ್ಲ.

ಗಿಡಗಳನ್ನಂತೂ ಯಾರೂ ಕೇಳುವುದಿಲ್ಲ. ನಾನೇ ಹೇಳುತ್ತೇನೆ. ಪೋಲೆಂಡಿನ ಕೋನಿನ್ ಊರಿನ ಸುತ್ತ ಐದು ಕೆರೆಗಳಿವೆ. 1950ರ ದಶಕದ ಕೊನೆಯಿಂದ ಕಲ್ಲಿದ್ದಲು ಸ್ಥಾವರಗಳ ಬಿಸಿನೀರು ಅವಕ್ಕೆ ಸೇರಿತು. ನಮ್ಮಲ್ಲಿ ಅಕ್ವೇರಿಯಂ ಅಂಗಡಿಯವರು ಮಾರುವ ವ್ಯಾಲಿಸ್ನೇರಿಯಾ ಗೊತ್ತಲ್ಲ, ರಿಬ್ಬನ್ನಿನಂಥ ಎಲೆಯದ್ದು? ಬೆಚ್ಚಗಿನ ಸೀಮೆಯ ಆ ಗಿಡ ಅಲ್ಲಿ ಬೇರೂರಿ, ಸ್ಥಳೀಯ ಗಿಡಗಳ ಜಾಗ ಹಿಡಿಯಿತು. ಸಾಕಲೆಂದು ತಂದು ಬಿಟ್ಟ ಏಷ್ಯಾದ ಗೆಂಡೆ ಮೀನುಗಳ ಜೊತೆ ಚೀನಾದ ದೊಡ್ಡ ಚಿಪ್ಪೂ ಬಂತು. ಅದರ ಮರಿಗಳು ಮೀನಿನ ಕಿವಿರಿಗೆ ಅಂಟಿಕೊಂಡೇ ಪ್ರಯಾಣ ಮಾಡುತ್ತವೆ.

ಸ್ಥಾವರ ನಿಂತುಬಿಟ್ಟರೆ ಮೀನಿಗೆ ಒಳ್ಳೆಯದಲ್ವಾ ಅಂತ ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. 1972ರ ಜನವರಿಯಲ್ಲಿ ಅಮೆರಿಕದ ನ್ಯೂಜೆರ್ಸಿಯ ಆಯ್ಸ್ಟರ್ ಕ್ರೀಕ್ ಅಣುಸ್ಥಾವರ ನಿಂತಾಗ, ಅದರ ಬಿಸಿನೀರಿನ ಕಾಲುವೆಯಲ್ಲಿ ಚಳಿಗಾಲ ಕಳೆಯುತ್ತಿದ್ದ ಮೆನ್‌ಹೇಡನ್ ಮೀನುಗಳು ರಾಶಿ ರಾಶಿ ಸತ್ತವು. ನಮ್ಮ ತಾರ್ಲೆಯ ದೂರದ ನೆಂಟ ಆ ಮೀನು. ಕಾರಣ ದಿಢೀರನೆ ಬಂದ ಚಳಿ. ಕೈಗಾದ ಒಂದನೇ ಘಟಕ 2018ರ ಕೊನೆಯ ದಿನದವರೆಗೆ 962 ದಿನ ಬಿಡದೆ ಓಡಿತ್ತು. ಅದು ನಿಂತಾಗ ಇಂಥ ಭಯವೇನೂ ಇರಲಿಲ್ಲ. ಕದ್ರಾ ಜಲಾಶಯ ಇರುವ ಕಾಳಿ ನದಿಯ ನೀರು ಯಾವ ಜನವರಿಯಲ್ಲೂ ಅಷ್ಟು ತಣ್ಣಗಾಗುವುದಿಲ್ಲ.