ಡಿಎನ್‌ಎ ಟೆಸ್ಟ್‌ಗೆ ದೇಶ ಗೊತ್ತಾಗಲ್ಲ

"ಎಲ್ಲರದ್ದೂ ಒಂದು ಡಿಎನ್‌ಎ ಟೆಸ್ಟ್ ಮಾಡಿಸಿಬಿಡಿ ಸಾರ್, ಯಾವ ದೇಶದವರು ಅಂತ ಗೊತ್ತಾಗಿಹೋಗುತ್ತೆ." ಕಾಫಿ ಕೊಯ್ಲು ಶುರುವಾದರೆ ಸಾಕು, ಮೂಡಿಗೆರೆ, ಸಕಲೇಶಪುರ, ಆಲ್ದೂರಿನ ಕಡೆ ಈ ಮಾತು ಕಿವಿಗೆ ಬೀಳುತ್ತಲೇ ಇರುತ್ತದೆ. ತೋಟದ ಲೈನ್ ಮನೆಗಳಲ್ಲಿ ಅಸ್ಸಾಂ ಕಡೆಯಿಂದ ಬಂದವರು ಇರುತ್ತಾರೆ. ಇವರು ಬಾಂಗ್ಲಾದೇಶದವರಾ, ಅವರ ದಾಖಲೆ ಅಸಲಿಯೋ ನಕಲಿಯೋ ಅಂತ ಅನುಮಾನ ಏಳುತ್ತದೆ. ಆ ಅನುಮಾನ ಸರಿಯೋ ತಪ್ಪೋ ಅನ್ನುವ ಜಗಳಕ್ಕೆ ನಾನು ಹೋಗುವುದಿಲ್ಲ. ಆದರೆ ಅದಕ್ಕೆ ಡಿಎನ್‌ಎ ಟೆಸ್ಟ್ ಮದ್ದು ಅಂತ ಹೇಳುವವರು ಜಾಸ್ತಿಯಾಗಿದ್ದಾರೆ. ಓದಿಕೊಂಡವರೂ ಹೇಳುತ್ತಾರೆ. ಹಾಗಾಗಿ ಒಂದು ಸಲ ಬರೆದುಬಿಡೋಣ ಅನ್ನಿಸಿತು.

ಡಿಎನ್‌ಎ ಅಂದರೇನು ಅಂತ ಹೇಳುತ್ತಾ ಕೂರುವುದಿಲ್ಲ. ಶಾಲೆಯಲ್ಲಿ ಓದಿದ್ದೀರಿ, ಸಿನಿಮಾದಲ್ಲೂ ನೋಡಿದ್ದೀರಿ. ಟೆಸ್ಟ್ ಏನು ಮಾಡುತ್ತದೆ ಅನ್ನುವುದನ್ನು ಮಾತ್ರ ನೋಡೋಣ.

ಅದು ಹೋಲಿಸುತ್ತದೆ. ಅಷ್ಟೇ. ಎರಡು ಸ್ಯಾಂಪಲ್ ಬೇಕು. ಇವನು ಅವಳ ಮಗನಾ, ಈ ರಕ್ತದ ಕಲೆ ಆ ಮನುಷ್ಯನದಾ, ಇಂಥ ಪ್ರಶ್ನೆಗೆ ಉತ್ತರ ಕೊಡುತ್ತದೆ. ಒಬ್ಬನದೇ ಸ್ಯಾಂಪಲ್ ಕೊಟ್ಟು ಇವನು ಯಾರು ಅಂತ ಕೇಳಿದರೆ, ದೇವಸ್ಥಾನದ ಬಾಗಿಲಲ್ಲಿ ಉಳಿದ ಒಂಟಿ ಚಪ್ಪಲಿ ಹಿಡಿದು ಇದು ಯಾರದ್ದು ಅಂತ ಕೇಳಿದ ಹಾಗೆ. ಜೋಡಿ ಸಿಗುವ ತನಕ ಯಾರೂ ಏನೂ ಹೇಳಲಾರರು.

ಲ್ಯಾಬಿನಿಂದ ಬರುವ ವರದಿಯಲ್ಲಿ ಏನಿರುತ್ತದೆ ಗೊತ್ತಾ? ಬರೀ ಅಂಕಿಗಳು. ನಮ್ಮ ಡಿಎನ್‌ಎಯಲ್ಲಿ ಸುಮಾರು 300 ಕೋಟಿ ಅಕ್ಷರಗಳಿವೆ. ಅಷ್ಟನ್ನೂ ಈ ಟೆಸ್ಟಿನಲ್ಲಿ ಯಾರೂ ಓದುವುದಿಲ್ಲ. ಇಪ್ಪತ್ತು ಚಿಲ್ಲರೆ ಜಾಗಗಳನ್ನು ಮಾತ್ರ ನೋಡುತ್ತಾರೆ. ಆ ಜಾಗಗಳಲ್ಲಿ ಒಂದು ಚಿಕ್ಕ ತುಣುಕು ಮತ್ತೆ ಮತ್ತೆ ಬಂದಿರುತ್ತದೆ. ಎಷ್ಟು ಸಲ ಬಂದಿದೆ ಅಂತ ಎಣಿಸುವುದೇ ಕೆಲಸ. ಪ್ರತಿ ಜಾಗಕ್ಕೂ ಎರಡು ಅಂಕಿ, ಒಂದು ಅಮ್ಮನಿಂದ ಬಂದದ್ದು, ಇನ್ನೊಂದು ಅಪ್ಪನಿಂದ. ಟಿಎಚ್‌01 ಅನ್ನುವ ಜಾಗ ತೆಗೆದುಕೊಳ್ಳಿ. ಮಗುವಿಗೆ 7 ಮತ್ತು 9 ಇದೆ, ಅಮ್ಮನಿಗೆ 6 ಮತ್ತು 7 ಇದೆ ಅಂತಿಟ್ಟುಕೊಳ್ಳಿ. ಮಗುವಿನ 7 ಅಮ್ಮನದು. ಹಾಗಾದರೆ 9 ಅಪ್ಪನಿಂದಲೇ ಬಂದಿರಬೇಕು. ಅಪ್ಪ ಅಂತ ಹೇಳಿಕೊಂಡವರ ಹತ್ತಿರ 9 ಇಲ್ಲದಿದ್ದರೆ ಅನುಮಾನ. ಹಾಗಂತ ಒಂದೇ ಜಾಗದಲ್ಲಿ ತಪ್ಪಿದರೆ ತೀರ್ಪು ಕೊಡುವುದಿಲ್ಲ, ಯಾಕೆಂದರೆ ಪೀಳಿಗೆಯಿಂದ ಪೀಳಿಗೆಗೆ ಹೋಗುವಾಗ ಅಪರೂಪಕ್ಕೆ ಅಂಕಿ ಒಂದು ಹೆಚ್ಚು ಕಡಿಮೆ ಆಗುವುದುಂಟು. ಮೂರ್ನಾಲ್ಕು ಕಡೆ ತಪ್ಪಿದರೆ ಸಂಬಂಧ ಇಲ್ಲ ಅಂತಲೇ ಲೆಕ್ಕ. ಎಲ್ಲ ಕಡೆ ಹೊಂದಿದರೆ ಸಂಬಂಧ ಇರುವ ಸಾಧ್ಯತೆ ಶೇಕಡಾ ಇಷ್ಟು ಅಂತ ಬರೆಯುತ್ತಾರೆ. ಅಮೆರಿಕದ ವಲಸೆ ಇಲಾಖೆ ಅಪ್ಪ ಅಮ್ಮನ ಸಂಬಂಧಕ್ಕೆ ಕೇಳುವುದು ಕನಿಷ್ಠ 99.5.

ಈ ಅಂಕಿಗಳಲ್ಲಿ ಊರೂ ಇಲ್ಲ, ದೇಶವೂ ಇಲ್ಲ.

ಇಲ್ಲಿ ಒಬ್ಬರು ಎದ್ದು ನಿಂತೇ ನಿಲ್ಲುತ್ತಾರೆ. ಎಂಜಲು ಕಳಿಸಿದರೆ ನೀವು ಇಷ್ಟು ಪರ್ಸೆಂಟ್ ದಕ್ಷಿಣ ಭಾರತ, ಇಷ್ಟು ಪರ್ಸೆಂಟ್ ಪರ್ಷಿಯಾ ಅಂತ ಕಂಪನಿಯವರು ಕಳಿಸುತ್ತಾರಲ್ಲ? ಹೌದು, ಕಳಿಸುತ್ತಾರೆ. ಅದು ಬೇರೆ ಥರದ ಪರೀಕ್ಷೆ. ಅವರ ಹತ್ತಿರ ಇರುವ ಮಾದರಿ ಜನರ ಗುಂಪುಗಳಲ್ಲಿ ನೀವು ಯಾರಿಗೆ ಹತ್ತಿರ ಅನ್ನುವ ಅಂದಾಜು ಅದು. ಸಾವಿರಾರು ವರ್ಷ ಜನ ಓಡಾಡಿ, ಮದುವೆಯಾಗಿ, ಬೆರೆತ ಲೆಕ್ಕ. ದೇಶದ ಗಡಿ ಎಳೆದದ್ದು ಯಾವಾಗ? 1947ರಲ್ಲಿ. ಬಾಂಗ್ಲಾದೇಶ ಹುಟ್ಟಿದ್ದು 1971ರಲ್ಲಿ. ಸಿಲ್ಹೆಟ್ ಈಗ ಬಾಂಗ್ಲಾದೇಶದಲ್ಲಿದೆ. ಗೆರೆಯ ಈ ಕಡೆಯ ಸಿಲ್ಹೆಟ್ ಮೂಲದವರು, ಆ ಕಡೆಯ ಸಿಲ್ಹೆಟ್‌ನವರು, ಇಬ್ಬರಿಗೂ ಮುತ್ತಜ್ಜ ಒಬ್ಬನೇ ಇರಬಹುದು. ಸರ್ವೆಯವನು ಗೆರೆ ಎಳೆದ ಮಾರನೇ ದಿನ ಜೀವಕೋಶದೊಳಗೆ ಏನೂ ಬದಲಾಗುವುದಿಲ್ಲ, ಅಲ್ವಾ?

ಈ ತಪ್ಪು ಮಾಡಿ ಮುಖ ಸುಟ್ಟುಕೊಂಡ ಸರ್ಕಾರವೂ ಇದೆ. ಬ್ರಿಟನ್ನಿನ ಗಡಿ ಇಲಾಖೆ 2009ರಲ್ಲಿ ಒಂದು ಪ್ರಯೋಗ ಶುರುಮಾಡಿತು. ಸೊಮಾಲಿಯಾದವರು ಅಂತ ಹೇಳಿಕೊಂಡು ಆಶ್ರಯ ಕೇಳಿದವರು ನಿಜಕ್ಕೂ ಅಲ್ಲಿಯವರಾ ಅಂತ ಡಿಎನ್‌ಎ ಮತ್ತು ಕೂದಲು, ಉಗುರುಗಳ ಐಸೋಟೋಪ್ (ಕುಡಿದ ನೀರು, ತಿಂದ ಊಟದಿಂದ ಮೈಗೆ ಸೇರುವ ಪರಮಾಣುಗಳ ಬಗೆ) ನೋಡಿ ಪತ್ತೆ ಹಚ್ಚುತ್ತೇವೆ ಅಂದರು. ವಿಜ್ಞಾನಿಗಳು ಮೈಮೇಲೆ ಬಿದ್ದರು. ಇದನ್ನು ಬೈದವರಲ್ಲಿ ಅಲೆಕ್ ಜೆಫ್ರೀಸ್ ಕೂಡ ಒಬ್ಬರು. ಡಿಎನ್‌ಎಯಿಂದ ಮನುಷ್ಯರನ್ನು ಗುರುತಿಸುವ ವಿದ್ಯೆಯನ್ನೇ ಕಂಡುಹಿಡಿದವರು ಅವರು! 2011ರಲ್ಲಿ ಆ ಪ್ರಯೋಗವನ್ನು ಕೈಬಿಟ್ಟರು. ನಮ್ಮಲ್ಲಿ ಇನ್ನೂ ಅದನ್ನೇ ಹೊಸ ಐಡಿಯಾ ಅಂತ ಫಾರ್ವರ್ಡ್ ಮಾಡುತ್ತಾ ಕೂತಿದ್ದೇವೆ.

ಜೆಫ್ರೀಸ್ ಹೆಸರು ಬಂತಲ್ಲ, ಅವರ ಕಥೆಯನ್ನೂ ಹೇಳಿಬಿಡುತ್ತೇನೆ. 1984ರ ಸೆಪ್ಟೆಂಬರ್‌ನಲ್ಲಿ ಲೆಸ್ಟರ್ ವಿಶ್ವವಿದ್ಯಾಲಯದ ಲ್ಯಾಬಿನಲ್ಲಿ ಅವರಿಗೆ ಇದು ಹೊಳೆಯಿತು. ಡಿಎನ್‌ಎ ಟೆಸ್ಟ್ ಅಂದ ತಕ್ಷಣ ನಮಗೆ ಕೊಲೆ ಕೇಸು ನೆನಪಾಗುತ್ತದೆ. ಆದರೆ ಅದು ಮೊದಲು ಕೆಲಸಕ್ಕೆ ಬಂದದ್ದು ವಲಸೆ ಕೇಸಿನಲ್ಲಿ, 1985ರಲ್ಲಿ. ಘಾನಾ ಮೂಲದ ಒಂದು ಸಂಸಾರ ಬ್ರಿಟನ್ನಿನಲ್ಲಿತ್ತು. ಅವರ ಹುಡುಗ ಘಾನಾಕ್ಕೆ ಹೋಗಿ ವಾಪಸ್ ಬಂದಾಗ, ಇವನು ಆ ತಾಯಿಯ ಮಗನಲ್ಲ, ಬೇರೆ ಯಾರನ್ನೋ ಕರೆದುಕೊಂಡು ಬಂದಿದ್ದಾರೆ ಅಂತ ಅಧಿಕಾರಿಗಳು ತಡೆದರು. ತಂದೆ ಸಿಗಲಿಲ್ಲ. ತಾಯಿ ಮತ್ತು ಒಡಹುಟ್ಟಿದವರ ರಕ್ತ ತೆಗೆದು ಹೋಲಿಸಿದರು. ಮಗ ಅಂತ ಸಾಬೀತಾಯಿತು, ಸರ್ಕಾರ ಕೇಸು ಬಿಟ್ಟಿತು. ಗಮನಿಸಿ, ಅಲ್ಲಿ ಕೇಳಿದ ಪ್ರಶ್ನೆ ಹುಡುಗ ಯಾವ ದೇಶದವನು ಅಂತಲ್ಲ. ಈ ತಾಯಿಯ ಮಗ ಹೌದಾ ಅಲ್ಲವಾ ಅಂತ. ಇಂದಿಗೂ ವೀಸಾ ಕಚೇರಿಗಳಲ್ಲಿ ಕೇಳುವುದು ಅದೇ ಪ್ರಶ್ನೆ.

ಜೆಫ್ರೀಸ್ ಇದಕ್ಕೆ ಡಿಎನ್‌ಎ ಫಿಂಗರ್‌ಪ್ರಿಂಟ್ ಅಂತ ಹೆಸರಿಟ್ಟರು. ಎರಡನೇ ಗೊಂದಲ ಅಲ್ಲಿಂದ ಬಂತು. ಬೆರಳಿಗೂ ಇದಕ್ಕೂ ಸಂಬಂಧವೇ ಇಲ್ಲ. ರೇಷನ್ ಅಂಗಡಿಯಲ್ಲಿ ಥಂಬ್ ಕೊಟ್ಟಾಗ, ಆಧಾರ್‌ಗೆ ಹತ್ತು ಬೆರಳು ಮತ್ತು ಎರಡು ಕಣ್ಣು ಕೊಟ್ಟಾಗ ಡಿಎನ್‌ಎ ಹೋಗುವುದಿಲ್ಲ. ಅಮೆರಿಕದ ಸ್ಟೂಡೆಂಟ್ ವೀಸಾಕ್ಕೆ ಚೆನ್ನೈಗೋ ಹೈದರಾಬಾದಿಗೋ ಹೋಗಿ ಬಯೋಮೆಟ್ರಿಕ್ ಕೊಡುತ್ತಾರಲ್ಲ, ಅದೂ ಬೆರಳು ಮತ್ತು ಫೋಟೋ. ಅವಳಿ ಮಕ್ಕಳನ್ನು ನೋಡಿದರೆ ವ್ಯತ್ಯಾಸ ಗೊತ್ತಾಗುತ್ತದೆ. ಒಂದೇ ಥರ ಇರುವ ಅವಳಿಗಳಿಗೆ ಈ ಟೆಸ್ಟಿನ ಅಂಕಿಗಳೆಲ್ಲ ಒಂದೇ, ಆದರೆ ಬೆರಳಚ್ಚು ಬೇರೆ ಬೇರೆ. ಮೆಣಸು ಬಿಡಿಸಿ, ಕಾಫಿ ಕೊಯ್ದು ಬೆರಳು ಸವೆದ ಹೆಂಗಸರು ರೇಷನ್ ಅಂಗಡಿಯಲ್ಲಿ ಹತ್ತು ಸಲ ಒತ್ತಿದರೂ ಮಿಷನ್ ತಗೊಳ್ಳುವುದಿಲ್ಲ, ಒರೆಸಿಕೊಂಡು ಮತ್ತೆ ಒತ್ತಬೇಕು. ಡಿಎನ್‌ಎ ಹಾಗೆ ಸವೆಯುವುದಿಲ್ಲ. ಬೆರಳಚ್ಚು ನಿಮ್ಮೊಬ್ಬರದು. ಡಿಎನ್‌ಎ ನಿಮ್ಮ ಅಪ್ಪ, ಅಮ್ಮ, ಅಣ್ಣ, ಅಕ್ಕ ಎಲ್ಲರದ್ದೂ ಸ್ವಲ್ಪ ಸ್ವಲ್ಪ. ನೀವು ಒಪ್ಪಿ ಸಹಿ ಹಾಕಿ ಕೊಟ್ಟರೆ, ಸಹಿ ಹಾಕದ ನೆಂಟರ ಮಾಹಿತಿಯೂ ಜೊತೆಗೇ ಹೋಗುತ್ತದೆ. ನನ್ನನ್ನು ಕೇಳಿದರೆ ತಲೆ ಕೆಡಿಸಿಕೊಳ್ಳಬೇಕಾದ್ದು ಇದಕ್ಕೆ.

ಇನ್ನು ಡಿಎನ್‌ಎ ವಿಷಯದಲ್ಲೇ ಆಗಾಗ ಬರುವ ಇನ್ನೊಂದು ಫಾರ್ವರ್ಡು, "ಅಮೆರಿಕ ಸರ್ಕಾರದಿಂದ ಮಾಹಿತಿ ಸಂಗ್ರಹ ಪ್ರಕಟಣೆ" ಅಂತ, ಕೆಳಗೆ ಮೂರು ಕೆಂಪು ಗುರುತು. ಗೂಢಚಾರಿಕೆ ಶುರುವಾಯಿತು ಅನ್ನುವ ಧಾಟಿ. ಅವರ ಸರ್ಕಾರದ ಭಾಷೆಯಲ್ಲಿ ಇದರ ಅರ್ಥ ತುಂಬಾ ಸಪ್ಪೆ. ಹತ್ತು ಅಥವಾ ಜಾಸ್ತಿ ಜನರಿಗೆ ಒಂದೇ ಪ್ರಶ್ನೆ ಕೇಳಿ ಅರ್ಜಿ ತುಂಬಿಸುವುದಿದ್ದರೆ ಅದು ಮಾಹಿತಿ ಸಂಗ್ರಹ. 1980ರ ಒಂದು ಕಾನೂನಿನ ಪ್ರಕಾರ ಪ್ರತಿ ಅರ್ಜಿಗೂ ಬಜೆಟ್ ಕಚೇರಿಯಿಂದ ಒಂದು ನಂಬರ್ ಪಡೆಯಬೇಕು, ಅದನ್ನು ಅರ್ಜಿಯ ಮೇಲೆ ಹಾಕಬೇಕು. ಮೊದಲು ಅರವತ್ತು ದಿನ, ಆಮೇಲೆ ಮೂವತ್ತು ದಿನ ಜನರ ಅಭಿಪ್ರಾಯ ಕೇಳಬೇಕು. ಇದನ್ನು ತುಂಬಲು ಒಬ್ಬರಿಗೆ ಎಷ್ಟು ಹೊತ್ತು ಹಿಡಿಯುತ್ತದೆ ಅಂತಲೂ ಬರೆಯಬೇಕು! ನಮ್ಮ ನಾಡಕಚೇರಿ ಅರ್ಜಿಗಳಿಗೂ ಇಂಥದ್ದೊಂದು ಕಾನೂನು ಬರಬಾರದಾ ಅಂತ ನನಗೆ ಆಸೆ. ಹೋಗಲಿ ಬಿಡಿ. ಪ್ರಕಟಣೆ ಬಂತು ಅಂದರೆ ಅವತ್ತೇ ಜಾರಿಯಾಯಿತು ಅಂತಲ್ಲ, ಅಷ್ಟು ತಿಳಿದರೆ ಸಾಕು. ವೀಸಾ, ಗ್ರೀನ್ ಕಾರ್ಡ್ ಅರ್ಜಿಗಳಿಗೆ ಡಿಎನ್‌ಎ ಕಡ್ಡಾಯವಾಗಿ ಕೇಳುವ ಅಧಿಕಾರ ಬೇಕು ಅಂತ ಅಲ್ಲಿನ ವಲಸೆ ಇಲಾಖೆ 2020ರಲ್ಲಿ ಪ್ರಸ್ತಾವ ಮಾಡಿ 2021ರಲ್ಲಿ ಹಿಂದಕ್ಕೆ ತೆಗೆದುಕೊಂಡಿತು, 2025ರ ನವೆಂಬರ್‌ನಲ್ಲಿ ಮತ್ತೆ ಅಂಥದ್ದೇ ಪ್ರಸ್ತಾವ ಮಂಡಿಸಿತು.

ನಿಜಕ್ಕೂ ಭದ್ರತೆಗೆ ಅಂತ ಕೂಡಿಡುವ ಡಿಎನ್‌ಎ ಬೇರೆ. ಅಮೆರಿಕದಲ್ಲಿ ವಲಸೆ ಅಧಿಕಾರಿಗಳು ಬಂಧಿಸಿದವರ ಸ್ಯಾಂಪಲ್ 2020ರಿಂದ ಎಫ್‌ಬಿಐನ ಕೋಡಿಸ್ ಅನ್ನುವ ಭಂಡಾರಕ್ಕೆ ಹೋಗುತ್ತದೆ. ಅಲ್ಲಿ ಸಂಬಂಧ ನೋಡುವುದಿಲ್ಲ. ಹಳೇ ಅಪರಾಧದ ಜಾಗದಲ್ಲಿ ಸಿಕ್ಕ ಗುರುತಿಗೆ ಇವನದ್ದು ಹೊಂದುತ್ತದಾ ಅಂತ ನೋಡುತ್ತಾರೆ. ನಮ್ಮಲ್ಲೂ 2022ರ ಕಾನೂನೊಂದಿದೆ. ಬಂಧಿತರ ಬೆರಳು, ಕಣ್ಣಿನ ಜೊತೆಗೆ ಜೈವಿಕ ಸ್ಯಾಂಪಲ್ ಕೂಡ ತೆಗೆಯಬಹುದು, ದಾಖಲೆಯನ್ನು 75 ವರ್ಷ ಇಡಬಹುದು. ಡಿಎನ್‌ಎಗೇ ಅಂತ ಪ್ರತ್ಯೇಕವಾಗಿ 2019ರಲ್ಲಿ ಲೋಕಸಭೆಗೆ ತಂದ ಮಸೂದೆಯನ್ನು ಮಾತ್ರ 2023ರಲ್ಲಿ ವಾಪಸ್ ತೆಗೆದುಕೊಂಡರು. ಕುವೈತ್ ಇನ್ನೂ ಮುಂದೆ ಹೋಗಿತ್ತು. 2015ರಲ್ಲಿ ಮಸೀದಿಯಲ್ಲಿ ಬಾಂಬ್ ಸಿಡಿದ ಮೇಲೆ, ದೇಶದಲ್ಲಿರುವ ಎಲ್ಲರ, ಬಂದುಹೋಗುವವರ ಡಿಎನ್‌ಎ ಕೂಡ ಬೇಕು ಅಂತ ಕಾನೂನು ಮಾಡಿತು. 2017ರಲ್ಲಿ ಅಲ್ಲಿನ ಸಾಂವಿಧಾನಿಕ ನ್ಯಾಯಾಲಯವೇ ಅದನ್ನು ಹೊಡೆದುಹಾಕಿತು.

ಪೌರತ್ವದ ಪ್ರಶ್ನೆಗೆ ಮತ್ತೆ ಬರೋಣ. ಅದು ಕಾನೂನಿನ ಸಂಗತಿ. ನಮ್ಮ 1955ರ ಕಾಯ್ದೆ ಕೇಳುವುದು ಎಲ್ಲಿ ಹುಟ್ಟಿದಿರಿ, ಯಾವಾಗ ಹುಟ್ಟಿದಿರಿ, ಅಪ್ಪ ಅಮ್ಮ ಯಾರು ಅಂತ. 1987ರ ಜುಲೈ 1ಕ್ಕಿಂತ ಮೊದಲು ಇಲ್ಲಿ ಹುಟ್ಟಿದವರಿಗೆ ಒಂದು ಲೆಕ್ಕ, ಆಮೇಲೆ ಹುಟ್ಟಿದವರಿಗೆ ಇನ್ನೊಂದು. ಅಸ್ಸಾಂನಲ್ಲಿ ಎನ್‌ಆರ್‌ಸಿ, ಅಂದರೆ ಪೌರರ ಪಟ್ಟಿ ಮಾಡಿದಾಗಲೂ ನೋಡಿದ್ದು ಕಾಗದ ಮತ್ತು ವಂಶವೃಕ್ಷ. ಡಿಎನ್‌ಎ ಹೆಚ್ಚೆಂದರೆ ಇವನು ಇಂಥವರ ಮಗ ಅಂತ ಹೇಳೀತು. ಆ ಇಂಥವರು ಯಾವ ದೇಶದವರು ಅನ್ನುವುದಕ್ಕೆ ಮತ್ತೆ ಕಾಗದವೇ ಬೇಕು. ಅಂದಹಾಗೆ ಆಧಾರ್ ಕೂಡ ಪೌರತ್ವದ ಸಾಕ್ಷಿಯಲ್ಲ, ಆಧಾರ್ ಕಾಯ್ದೆಯ 9ನೇ ಸೆಕ್ಷನ್‌ನಲ್ಲೇ ಬರೆದಿದೆ. ತೋಟದ ರೈಟರ್ ಹಿಡಿದುಕೊಂಡ ಆಧಾರ್ ಜೆರಾಕ್ಸ್ ಕಂತೆಯಿಂದಲೂ ಆ ಪ್ರಶ್ನೆ ತೀರುವುದಿಲ್ಲ.

ನಮ್ಮ ಕಡೆಯವರಿಗೆ ಈ ಟೆಸ್ಟ್ ನಿಜಕ್ಕೂ ಎದುರಾಗುವುದು ಬೇರೆ ದಾರಿಯಲ್ಲಿ. ಮಗ ಅಮೆರಿಕದಲ್ಲಿ ಸಿಟಿಜನ್ ಆಗಿರುತ್ತಾನೆ, ಅಪ್ಪ ಅಮ್ಮನಿಗೆ ಗ್ರೀನ್ ಕಾರ್ಡ್ ಹಾಕುತ್ತಾನೆ. ಅವನು ಅಜ್ಜಿ ಮನೆಯಲ್ಲಿ ಹುಟ್ಟಿದವನು, ಜನನ ನೋಂದಣಿ ಆಗಿರುವುದಿಲ್ಲ, ಅಥವಾ ಇಪ್ಪತ್ತು ವರ್ಷ ಬಿಟ್ಟು ಕೋರ್ಟ್ ಆದೇಶದ ಮೇಲೆ ಆಗಿರುತ್ತದೆ. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನಲ್ಲಿ ಅಪ್ಪನ ಹೆಸರು ಒಂದು ಥರ, ಪಾಸ್‌ಪೋರ್ಟಿನಲ್ಲಿ ಇನಿಶಿಯಲ್ ಬಿಡಿಸಿ ಇನ್ನೊಂದು ಥರ. ಆಗ ಅಧಿಕಾರಿ, ಬೇಕಾದರೆ ಡಿಎನ್‌ಎ ಟೆಸ್ಟ್ ಕೊಡಬಹುದು ಅಂತ ಸೂಚಿಸುತ್ತಾನೆ. ಸಾಮಾನ್ಯ ಅರ್ಜಿಗಳಲ್ಲಿ ಇಲ್ಲಿಯವರೆಗೆ ನಡೆದುಕೊಂಡು ಬಂದದ್ದು ಹಾಗೆ, ಸೂಚನೆ ಅಷ್ಟೇ. ಬ್ರಿಟನ್ನಿನಲ್ಲಿ ಸೂಚನೆಯನ್ನು ಬಲವಂತ ಮಾಡಿಕೊಂಡಿದ್ದರು. ಗೂರ್ಖಾ ಸೈನಿಕರ ಮಕ್ಕಳಿಂದಲೂ ಡಿಎನ್‌ಎ ಕೇಳಿದ್ದು ಹೊರಬಂದು, 2018ರಲ್ಲಿ ಗೃಹ ಮಂತ್ರಿ ಸಾಜಿದ್ ಜಾವಿದ್ ಸಂಸತ್ತಿನಲ್ಲಿ ಕ್ಷಮೆ ಕೇಳಬೇಕಾಯಿತು.

ಇದರಲ್ಲಿ ಸಿಕ್ಕಿಹಾಕಿಕೊಳ್ಳುವುದು ಸಾಕುಮಕ್ಕಳು. ಮಕ್ಕಳಿಲ್ಲದ ಅಕ್ಕ ತಂಗಿಯ ಮಗನನ್ನು ಸಾಕುತ್ತಾಳೆ, ಶಾಲೆಗೆ ಸೇರಿಸುವಾಗ ಅಪ್ಪ ಅಮ್ಮ ಅಂತ ತಮ್ಮ ಹೆಸರನ್ನೇ ಬರೆಸುತ್ತಾರೆ, ದತ್ತು ಪತ್ರ ಗಿತ್ರ ಏನೂ ಇರುವುದಿಲ್ಲ. ಊರಿಗೆಲ್ಲ ಗೊತ್ತು, ಯಾರಿಗೂ ತೊಂದರೆಯಿಲ್ಲ. ಡಿಎನ್‌ಎ ಟೆಸ್ಟ್ ಮಾತ್ರ ಮಗನಲ್ಲ ಅನ್ನುತ್ತದೆ. 2008ರಲ್ಲಿ ಅಮೆರಿಕದವರು ನೈರೋಬಿಯಲ್ಲಿ ಶುರುಮಾಡಿ ಆಫ್ರಿಕಾದ ಇನ್ನೂ ಕೆಲವು ದೇಶಗಳಲ್ಲಿ ನಿರಾಶ್ರಿತ ಕುಟುಂಬಗಳಿಗೆ ಈ ಟೆಸ್ಟ್ ಮಾಡಿದಾಗ, ಹೇಳಿಕೊಂಡ ಎಲ್ಲ ಸಂಬಂಧವೂ ಹೊಂದಿದ್ದು ಶೇಕಡಾ 20ಕ್ಕಿಂತ ಕಡಿಮೆ ಕೇಸುಗಳಲ್ಲಿ. ನಿರಾಶ್ರಿತರು ಕುಟುಂಬದವರನ್ನು ಕರೆಸಿಕೊಳ್ಳುವ ಆ ಯೋಜನೆಯನ್ನೇ 2012ರ ತನಕ ನಿಲ್ಲಿಸಿಟ್ಟರು. ಅವರಲ್ಲಿ ಮೋಸ ಮಾಡಿದವರೂ ಇದ್ದರು, ಟೆಸ್ಟಿಗೇ ಬಾರದವರೂ ಇದ್ದರು. ಯುದ್ಧದಲ್ಲಿ ಸತ್ತ ಅಣ್ಣನ ಮಗುವನ್ನು ನನ್ನ ಮಗು ಅಂತ ಬರೆಸಿದವರನ್ನೂ ಅದೇ ಲೆಕ್ಕಕ್ಕೆ ಸೇರಿಸಿದರೆ ಅದು ಮೋಸವಾ? ನನಗಂತೂ ಹಾಗನ್ನಿಸುವುದಿಲ್ಲ. ಕಾನೂನಿನಲ್ಲಿ ದತ್ತು ಮಗನೂ ಮಗನೇ, ಆದರೆ ಅದನ್ನು ತೋರಿಸಬೇಕಾದದ್ದು ದತ್ತು ಪತ್ರ. ಸಾಕಿದವರು ಅಮೆರಿಕಕ್ಕೆ ಹೋಗುವ ಯೋಚನೆ ಇದ್ದರೆ ಮೊದಲೇ ವಕೀಲರನ್ನು ನೋಡಿ.

ಮತ್ತೆ, ಅವಸರ ಬಿದ್ದು ಬೆಂಗಳೂರಿನ ಯಾವುದೋ ಲ್ಯಾಬಿನಲ್ಲಿ ಟೆಸ್ಟ್ ಮಾಡಿಸಿ ವರದಿಯನ್ನು ಫೈಲಿಗೆ ಸೇರಿಸಿಕೊಂಡು ಇಂಟರ್‌ವ್ಯೂಗೆ ಹೋಗುವವರಿದ್ದಾರೆ. ಸುಮ್ನೆ ದುಡ್ಡು ದಂಡ. ಅಧಿಕಾರಿ ಸೂಚಿಸಿದ ಮೇಲೆ ಅವರು ಒಪ್ಪಿದ ಪಟ್ಟಿಯಲ್ಲಿರುವ ಅಮೆರಿಕದ ಲ್ಯಾಬನ್ನು ನೀವು ಆರಿಸಿಕೊಳ್ಳಬೇಕು, ಖರ್ಚು ನಿಮ್ಮದೇ. ಲ್ಯಾಬಿನಿಂದ ಕಿಟ್ ನೇರವಾಗಿ ಈ ಕಡೆ ಬರುತ್ತದೆ, ನಿಮ್ಮ ಕೈಗೆ ಕೊಡುವುದಿಲ್ಲ. ಗೊತ್ತುಮಾಡಿದ ವೈದ್ಯರ ಎದುರು ಪಾಸ್‌ಪೋರ್ಟ್ ತೋರಿಸಿ ಕೂರಬೇಕು. ಕೆನ್ನೆಯ ಒಳಗೆ ಹತ್ತಿ ಕಡ್ಡಿ ಆಡಿಸುತ್ತಾರೆ, ಸೂಜಿ ಇಲ್ಲ, ನೋವಿಲ್ಲ. ಸೀಲ್ ಹಾಕಿದ ಸ್ಯಾಂಪಲ್ ವಾಪಸ್ ಅದೇ ಲ್ಯಾಬಿಗೆ ಹೋಗುತ್ತದೆ, ಫಲಿತಾಂಶವನ್ನು ಲ್ಯಾಬಿನವರೇ ಕಾನ್ಸುಲೇಟಿಗೆ ಕಳಿಸುತ್ತಾರೆ. ನಿಮ್ಮ ಕೈಯಿಂದ ಕೊಟ್ಟ ವರದಿಗೆ ಅಲ್ಲಿ ಬೆಲೆಯಿಲ್ಲ.