ನಾಯಿ ಯಾರದು, ಬೆಕ್ಕು ಯಾರದು?

ಕಲಬುರಗಿಯಲ್ಲಿ ಟಿಇಟಿಗೆ, ಅಂದರೆ ಶಿಕ್ಷಕರ ಅರ್ಹತಾ ಪರೀಕ್ಷೆಗೆ, ಓದುತ್ತಿರುವ ಯಾರನ್ನಾದರೂ ಮನೋವಿಜ್ಞಾನದ ಬಗ್ಗೆ ಕೇಳಿ ನೋಡಿ. ಮೊದಲು ಬಾಯಿಗೆ ಬರುವುದು ಕಲಿಕೆಯ ಬಗ್ಗೆ ಪ್ರಯೋಗ ಮಾಡಿದ ವಿಜ್ಞಾನಿಗಳ ಪ್ರಾಣಿಗಳೇ. ಪಾವ್ಲೋವ್ ನಾಯಿ, ಥಾರ್ನ್‌ಡೈಕ್ ಬೆಕ್ಕು, ಸ್ಕಿನ್ನರ್ ಇಲಿ, ಕೊಹ್ಲರ್ ಚಿಂಪಾಂಜಿ. ಚೆನ್ನಾಗಿ ಓದಿದವರು ಆ ಚಿಂಪಾಂಜಿಯ ಹೆಸರು ಸುಲ್ತಾನ್ ಅಂತಲೂ ಹೇಳುತ್ತಾರೆ. ಅವರನ್ನು ಬೈಯುವಂತಿಲ್ಲ. 150 ಅಂಕಗಳ ಪರೀಕ್ಷೆಯಲ್ಲಿ 30 ಅಂಕ ಮಕ್ಕಳ ಬೆಳವಣಿಗೆ ಮತ್ತು ಬೋಧನೆಗೆ ಮೀಸಲು. ಸಾಮಾನ್ಯ ವರ್ಗದವರು ಪಾಸಾಗಲು 90 ಬೇಕು. ನಾಯಿ ಯಾರದು ಅಂತ ಗೊತ್ತಿದ್ದರೆ ಒಂದು ಅಂಕ ಕೈಗೆ ಬಂತು, ಅಷ್ಟೇ.

ಆದರೆ ನಾಯಿ ಯಾರದು ಅನ್ನುವುದು ಇತಿಹಾಸದ ಪ್ರಶ್ನೆ. (ಪಾವ್ಲೋವ್‌ಗೆ 1904ರಲ್ಲಿ ನೊಬೆಲ್ ಬಂದದ್ದು ಕೂಡ ಮನೋವಿಜ್ಞಾನಕ್ಕಲ್ಲ, ಜೀರ್ಣಕ್ರಿಯೆಯ ಅಧ್ಯಯನಕ್ಕೆ.) ಒಂದು ವಿಚಾರ ತಲೆಗೆ ಹೋಗಿದೆಯಾ ಅಂತ ತಿಳಿಯಬೇಕಾದರೆ ಹೆಸರು ತೆಗೆದುಹಾಕಿ ಸನ್ನಿವೇಶವನ್ನಷ್ಟೇ ಮುಂದಿಡಬೇಕು. ಉದಾಹರಣೆಗೆ: ಅವ್ವ ಇಬ್ಬರು ಮಕ್ಕಳಿಗೂ ಒಂದೊಂದು ಜೋಳದ ರೊಟ್ಟಿ ಹಾಕಿದಳು. ಅಕ್ಕನ ರೊಟ್ಟಿಯನ್ನು ಮುರಿದು ನಾಲ್ಕು ಚೂರು ಮಾಡಿಕೊಟ್ಟಳು. ಐದು ವರ್ಷದ ತಮ್ಮ, 'ಅಕ್ಕಗ ಭಾಳ ಹಾಕೀದಿ, ನನಗ ಒಂದೇ' ಅಂತ ರಂಪ ಮಾಡಿದ. ಈ ಹುಡುಗ ಯಾಕೆ ಹಾಗೆ ಯೋಚಿಸಿದ?

ಇಲ್ಲಿ ಮಕ್ಕಳ ಯೋಚನೆ ಬೆಳೆಯುವ ಬಗೆಯನ್ನು ಅಧ್ಯಯನ ಮಾಡಿದ ಪಿಯಾಜೆಯ ಹೆಸರೇ ಇಲ್ಲ. ಆಕಾರ ಬದಲಾದರೂ ಪ್ರಮಾಣ ಬದಲಾಗುವುದಿಲ್ಲ ಎಂಬ ತಿಳಿವಳಿಕೆ ಹೆಚ್ಚಿನ ಮಕ್ಕಳಲ್ಲಿ ಏಳರ ಆಸುಪಾಸಿನಲ್ಲಿ ಗಟ್ಟಿಯಾಗುತ್ತದೆ ಎಂದು ಅವರು ಹೇಳಿದ್ದರು. ಅದಕ್ಕೂ ಮೊದಲಿನ ಹಂತವನ್ನು 'ಪೂರ್ವ ಕಾರ್ಯಾಚರಣಾ ಹಂತ: 2ರಿಂದ 7 ವರ್ಷ' ಎಂದು ಉರು ಹೊಡೆದವರೂ ರೊಟ್ಟಿಯ ಮುಂದೆ ತಡವರಿಸುತ್ತಾರೆ. ಗೈಡಿನಲ್ಲಿ ಇದ್ದದ್ದು ಅಗಲದ ಗಾಜಿನ ಲೋಟದಿಂದ ಉದ್ದದ ಲೋಟಕ್ಕೆ ಸುರಿದ ನೀರು, ರೊಟ್ಟಿ ಅಲ್ವಲ್ಲ!

ಇನ್ನೂ ಜಾಸ್ತಿ ಜನರನ್ನು ಬೀಳಿಸುವುದು ಋಣಾತ್ಮಕ ಪುನರ್ಬಲನ. ಪರಿಚಯದ ಮಟ್ಟದ ಮನೋವಿಜ್ಞಾನದಲ್ಲಿ ಇಷ್ಟು ತಪ್ಪು ತಿಳಿಯುವ ವಿಷಯ ಇನ್ನೊಂದಿಲ್ಲ ಅಂತ ನನ್ನ ಅನಿಸಿಕೆ. ಋಣಾತ್ಮಕ ಅಂದಕೂಡಲೇ ಶಿಕ್ಷೆ ಅಂದುಕೊಳ್ಳುತ್ತಾರೆ. ನಿಜದಲ್ಲಿ ಅದು ಶಿಕ್ಷೆಗೆ ಪೂರ್ತಿ ಉಲ್ಟಾ. ಪುನರ್ಬಲನ ಯಾವುದೇ ಇರಲಿ, ಅದು ವರ್ತನೆಯನ್ನು ಹೆಚ್ಚಿಸುತ್ತದೆ. ಶಿಕ್ಷೆ ಕಡಿಮೆ ಮಾಡುತ್ತದೆ. ಏನೋ ಒಂದು ಸಿಕ್ಕಿ ವರ್ತನೆ ಹೆಚ್ಚಿದರೆ ಧನಾತ್ಮಕ, ಕಿರಿಕಿರಿಯೊಂದು ತೊಲಗಿ ವರ್ತನೆ ಹೆಚ್ಚಿದರೆ ಋಣಾತ್ಮಕ. ಏಪ್ರಿಲ್ ಮಧ್ಯಾಹ್ನ ಜಗತ್ ಸರ್ಕಲ್ ಕಡೆ ಹೊರಟವನು ತಲೆಗೆ ಟವೆಲ್ ಸುತ್ತಿಕೊಂಡ. ನೆತ್ತಿ ಸುಡುವುದು ತಪ್ಪಿತು. ಮರುದಿನ ಯಾರೂ ಹೇಳದೆ ತಾನೇ ಸುತ್ತಿಕೊಂಡ. ಇದೇ ಋಣಾತ್ಮಕ ಪುನರ್ಬಲನ. ಇದರಲ್ಲಿ ಯಾರಿಗೂ ಶಿಕ್ಷೆಯಾಗಿಲ್ಲ.

ಇದು ಅರ್ಥವಾಯಿತು ಅನ್ನುವವರಿಗೆ ಇನ್ನೊಂದು. ಸೂಪರ್ ಮಾರ್ಕೆಟ್‌ನ ಅಂಗಡಿಯೊಂದರ ಮುಂದೆ ಮಗು ಚಾಕೊಲೇಟ್‌ಗಾಗಿ ಅಳುತ್ತಿದೆ. ಸುತ್ತಲಿನವರು ತಿರುಗಿ ನೋಡುತ್ತಿದ್ದಾರೆ. ಅಪ್ಪನಿಗೆ ಮುಜುಗರ. 'ಅಳಬ್ಯಾಡ, ತಗೋ' ಅಂತ ಕೊಡಿಸಿಬಿಟ್ಟ. ಅಳು ನಿಂತಿತು. ಮುಂದಿನ ವಾರವೂ ಹೀಗೇ ಆಯಿತು. ಇಲ್ಲಿ ಯಾವ ಪುನರ್ಬಲನ ನಡೆದಿದೆ?

ಎರಡೂ ನಡೆದಿವೆ. ಮಗು ಅತ್ತಿತು, ಚಾಕೊಲೇಟ್ ಸಿಕ್ಕಿತು, ಇನ್ನು ಮುಂದೆ ಅಳು ಹೆಚ್ಚುತ್ತದೆ. ಅದು ಧನಾತ್ಮಕ. ಅಪ್ಪ ಕೊಡಿಸಿದ, ಕಿವಿಗೆ ಬಡಿಯುತ್ತಿದ್ದ ಅಳು ನಿಂತಿತು, ಇನ್ನು ಮುಂದೆ ಕೊಡಿಸುವುದು ಹೆಚ್ಚುತ್ತದೆ. ಅದು ಋಣಾತ್ಮಕ. ಅಪ್ಪ ಮಗುವಿಗೆ ಪಾಠ ಕಲಿಸುತ್ತಿದ್ದೇನೆ ಅಂದುಕೊಂಡಿದ್ದಾನೆ. ಮಗುವೂ ಅಪ್ಪನಿಗೆ ಕಲಿಸುತ್ತಿದೆ. 'ಯಾರ ವರ್ತನೆ?' ಎಂದು ಮೊದಲು ತಿರುಗಿ ಕೇಳುವ ವಿದ್ಯಾರ್ಥಿಗೆ ವಿಷಯ ಗೊತ್ತಿದೆ ಅಂತ ಧಾರಾಳವಾಗಿ ಹೇಳಬಹುದು. ಅವರಿಗೆ ವ್ಯಾಖ್ಯಾನ ಬಾಯಿಪಾಠ ಬರದಿದ್ದರೂ ನಡೆಯುತ್ತದೆ.

ಇಂಥ ಪ್ರಶ್ನೆ ಮಾಡುವಾಗ ಸರಿಯುತ್ತರಕ್ಕಿಂತ ತಪ್ಪು ಆಯ್ಕೆಗಳೇ ಜಾಸ್ತಿ ಕೆಲಸ ಬೇಡುತ್ತವೆ. ಎರಡು ಆಯ್ಕೆ ನೋಡಿದ ಕೂಡಲೇ ಬಿಡುವಂತಿದ್ದರೆ ಪ್ರಶ್ನೆ ಸತ್ತಂತೆ. ಭೌತಶಾಸ್ತ್ರದವರು ಇದನ್ನು ಬೇಗ ಕಂಡುಕೊಂಡರು. 1992ರಲ್ಲಿ ಅಮೆರಿಕದ ಡೇವಿಡ್ ಹೆಸ್ಟೆನಿಸ್ ಮತ್ತು ಸಂಗಡಿಗರು ಬಲದ ಕುರಿತು ಒಂದು ಪರೀಕ್ಷೆ ತಂದರು. ಅದರಲ್ಲಿ ಸೂತ್ರವಿಲ್ಲ, ಲೆಕ್ಕವಿಲ್ಲ. ತಪ್ಪು ಆಯ್ಕೆಗಳೆಲ್ಲ ವಿದ್ಯಾರ್ಥಿಗಳು ನಿಜವಾಗಿ ನಂಬಿರುವ ತಪ್ಪುಗಳು. ಹಾರ್ವರ್ಡ್‌ನಲ್ಲಿ ಎರಿಕ್ ಮಜೂರ್ ತಮ್ಮ ತರಗತಿಗೆ ಅದನ್ನು ಕೊಟ್ಟಾಗ ಒಬ್ಬ ವಿದ್ಯಾರ್ಥಿನಿ, ನೀವು ಕಲಿಸಿದ ಹಾಗೆ ಬರೆಯಬೇಕಾ ಅಥವಾ ನಾನು ಯೋಚಿಸುವ ಹಾಗಾ ಎಂದು ಕೇಳಿದಳಂತೆ. ಪರೀಕ್ಷೆಗೆ ಒಂದು ತಿಳಿವಳಿಕೆ, ಬದುಕಿಗೆ ಇನ್ನೊಂದು!

ಮನೋವಿಜ್ಞಾನದಲ್ಲಿ ಈ ತೊಂದರೆ ಇನ್ನೂ ಹೆಚ್ಚು. ಮನಸ್ಸಿನ ಬಗ್ಗೆ ಎಲ್ಲರೂ ಮೊದಲೇ ಏನೋ ನಂಬಿಕೊಂಡೇ ತರಗತಿಗೆ ಬರುತ್ತಾರೆ. ಮಿದುಳಿನ ಹತ್ತು ಪರ್ಸೆಂಟ್ ಮಾತ್ರ ಬಳಸುತ್ತೇವೆ ಎಂಬ ಸುಳ್ಳು ಎಷ್ಟು ವಾಟ್ಸಾಪ್ ಗ್ರೂಪುಗಳಲ್ಲಿ ಓಡಾಡಿಲ್ಲ? 1977ರಲ್ಲಿ ಇವಾ ವಾನ್ ಎಂಬ ಮನೋವಿಜ್ಞಾನಿ ಇಂಥ ನಂಬಿಕೆಗಳನ್ನು ಅಳೆಯಲು 80 ಹೇಳಿಕೆಗಳ ಸರಿ-ತಪ್ಪು ಪರೀಕ್ಷೆಯನ್ನೇ ಮಾಡಿದ್ದರು. ಕೋರ್ಸ್ ಮುಗಿಸಿದ ಮೇಲೂ ಹಳೆಯ ನಂಬಿಕೆ ಪೂರ್ತಿ ಹೋಗುವುದಿಲ್ಲ ಎಂಬುದು ಬೇರೆ ಬೇರೆ ಅಧ್ಯಯನಗಳಲ್ಲಿ ಕಂಡಿದೆ. ಕೆಲವೊಮ್ಮೆ ಗೈಡುಗಳೇ ಆ ನಂಬಿಕೆಯನ್ನು ಸಾಕುತ್ತವೆ. ಒಬ್ಬರು ನೋಡಿ ಕಲಿಯುವವರು, ಇನ್ನೊಬ್ಬರು ಕೇಳಿ ಕಲಿಯುವವರು, ಅವರವರ ಶೈಲಿಗೆ ತಕ್ಕಂತೆ ಕಲಿಸಿದರೆ ಹೆಚ್ಚು ಕಲಿಯುತ್ತಾರೆ ಅನ್ನುವುದನ್ನೇ ನೋಡಿ. 2008ರಲ್ಲಿ ಹೆರಾಲ್ಡ್ ಪಾಶ್ಲರ್ ಮತ್ತು ಮೂವರು ಸಂಶೋಧಕರು ಅಲ್ಲಿಯವರೆಗಿನ ಅಧ್ಯಯನಗಳನ್ನು ಪರಿಶೀಲಿಸಿ, ಇದಕ್ಕೆ ತಕ್ಕ ಪುರಾವೆ ಇಲ್ಲ ಎಂದರು. ಕೀ ಉತ್ತರದಲ್ಲೇ ಆ ನಂಬಿಕೆ ಕೂತಿದ್ದರೆ ತಿಳಿದವರಿಗೇ ಒಂದು ಅಂಕ ಖೋತಾ.

ಇನ್ನು ಅದೃಷ್ಟದ ಪಾಲು. ನಾಲ್ಕು ಆಯ್ಕೆಗಳಿದ್ದರೆ, ಕಣ್ಣು ಮುಚ್ಚಿ ಗುರುತು ಹಾಕಿದವರಿಗೂ 30ರಲ್ಲಿ ಏಳೋ ಎಂಟೋ ಬರುತ್ತವೆ. ಟಿಇಟಿಯಲ್ಲಿ ತಪ್ಪಿಗೆ ಅಂಕ ಕಳೆಯುವುದೂ ಇಲ್ಲ. ಉತ್ತರದ ಜೊತೆಗೆ 'ಯಾಕೆ?' ಎಂದು ಕೇಳಿ, ಅದಕ್ಕೂ ನಾಲ್ಕು ಆಯ್ಕೆ ಕೊಟ್ಟರೆ ಎರಡೂ ಸುಮ್ನೆ ಸರಿಯಾಗುವ ಸಾಧ್ಯತೆ ಹದಿನಾರರಲ್ಲಿ ಒಂದಕ್ಕೆ ಇಳಿಯುತ್ತದೆ. ದೊಡ್ಡ ಪರೀಕ್ಷೆಗಳಲ್ಲಿ ಇದು ಕಷ್ಟ. ತರಗತಿಯಲ್ಲಿ ಮಾಡಬಹುದು.

ಪರೀಕ್ಷೆ ಅಂದರೆ ಅಳೆಯುವುದಷ್ಟೇ ಅಲ್ಲ, ಅದರಿಂದಲೇ ಕಲಿಕೆಯೂ ಆಗುತ್ತದೆ. ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕ್ 2006ರಲ್ಲಿ ಇದನ್ನು ತೋರಿಸಿದರು. ಕಾಲೇಜು ವಿದ್ಯಾರ್ಥಿಗಳಿಗೆ ಸಣ್ಣ ಪಾಠಗಳನ್ನು ಕೊಟ್ಟರು. ಒಮ್ಮೆ ಓದಿದ ಪಾಠವನ್ನು ಮತ್ತೊಮ್ಮೆ ಓದುವುದು ಒಂದು ರೀತಿ. ಓದಿ, ಹಾಳೆ ಮುಚ್ಚಿ, ನೆನಪಿದ್ದಷ್ಟು ಬರೆಯುವುದು ಇನ್ನೊಂದು. ಒಂದು ವಾರದ ನಂತರ ಪರೀಕ್ಷಿಸಿದಾಗ, ಮತ್ತೆ ಓದಿದ್ದರಲ್ಲಿ ಶೇಕಡಾ 42ರಷ್ಟು ಉಳಿದಿತ್ತು, ನೆನಪಿನಿಂದ ಬರೆದದ್ದರಲ್ಲಿ 56ರಷ್ಟು. ಬರೆದದ್ದು ಸರಿಯೋ ತಪ್ಪೋ ಅಂತ ಅವರಿಗೆ ಯಾರೂ ಹೇಳಿರಲಿಲ್ಲ. ಹೀಗಾಗಿ ಗೈಡಿಗೆ ಹಳದಿ ಬಣ್ಣ ಬಳಿಯುವ ಬದಲು ಅದನ್ನು ಮುಚ್ಚಿಟ್ಟು, ಪುನರ್ಬಲನಕ್ಕೆ ಎರಡು, ಶಿಕ್ಷೆಗೆ ಎರಡು ಉದಾಹರಣೆ ನಿಮ್ಮ ಓಣಿಯಿಂದಲೇ ಬರೆಯಿರಿ.

ಹಾಗಂತ ಪರೀಕ್ಷಾ ಕೇಂದ್ರದ ಗೇಟಿನಲ್ಲಿ ನಿಂತು ಗೈಡ್ ತಿರುವುವವರನ್ನು ನೋಡಿ ನಗಬೇಡಿ. ಅದೇ ಪ್ರಯೋಗದಲ್ಲಿ ಐದೇ ನಿಮಿಷದ ನಂತರ ಕೇಳಿದಾಗ ಮತ್ತೆ ಓದುವುದೇ ಮುಂದಿತ್ತು: ಮತ್ತೆ ಓದಿದ್ದರಲ್ಲಿ ಶೇಕಡಾ 81, ನೆನಪಿನಿಂದ ಬರೆದದ್ದರಲ್ಲಿ 75.